ದೆವ್ವಗಳನ್ನೂ ಹೊರಗಿನಿಂದ ತರಿಸಿದ ಸಿನಿಮಾ: ರೋಅನೋಕ್ ಬಗ್ಗೆ ಮಾತಾಡೋಣ ಬನ್ನಿ

ಕ್ಯಾರಿ_ಕನ್ನಡಿಗ · ಭಾನುವಾರ, ಬೆಳಿಗ್ಗೆ 9:12

ನಿನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ಹಳೇ ಟೀವಿ ಸಿನಿಮಾ ಹಾಕ್ಕೊಂಡು ಕೂತೆ. ಹೆಸರು ‘ರೇತ್ಸ್ ಆಫ್ ರೋಅನೋಕ್’, 2007ರದ್ದು. ಅಮೆರಿಕದ ಸೈ-ಫೈ ಚಾನೆಲ್‌ಗೆ ಅಂತಲೇ ಮಾಡಿದ್ದು, ನಿರ್ದೇಶಕ ಮ್ಯಾಟ್ ಕಾಡ್. ಹೀರೊ ಏಡ್ರಿಯನ್ ಪಾಲ್. 90ರ ದಶಕದಲ್ಲಿ ‘ಹೈಲ್ಯಾಂಡರ್’ ಸೀರಿಯಲ್‌ನಲ್ಲಿ ಕತ್ತಿ ಹಿಡ್ಕೊಂಡು ಸಾಯದೇ ಓಡಾಡ್ತಿದ್ದನಲ್ಲ, ಅವನೇ.

ಕತೆ ಇಷ್ಟು. 1587ರಲ್ಲಿ ಇಂಗ್ಲೆಂಡಿನ ಒಂದಷ್ಟು ಸಂಸಾರಗಳು ಹಡಗು ಹತ್ತಿ ಈಗಿನ ನಾರ್ತ್ ಕ್ಯಾರೊಲಿನಾದ ರೋಅನೋಕ್ ದ್ವೀಪಕ್ಕೆ ಬಂದು ಇಳೀತವೆ. ಅಲ್ಲಿ ಮೊದಲೇ ವೈಕಿಂಗ್ ದೆವ್ವಗಳು (ಸಾವಿರ ವರ್ಷದ ಹಿಂದೆ ನಾರ್ವೆ ಕಡೆಯಿಂದ ಹಡಗಲ್ಲಿ ಬರ್ತಿದ್ದ ದಾಳಿಕೋರರು) ಸದ್ಗತಿ ಸಿಗದೆ ಕಾಯ್ತಾ ಕೂತಿವೆ. ಆಮೇಲೆ ಗೊತ್ತಲ್ಲ, ಒಬ್ಬೊಬ್ಬರಾಗಿ ಖಾಲಿ.

ನಾನಿರೋದು ಅದೇ ರಾಜ್ಯದ ಕ್ಯಾರಿ ಅನ್ನೋ ಊರಲ್ಲಿ. ಪಕ್ಕದ ರಾಲಿ ಊರಿಗೆ ಹೆಸರು ಬಂದದ್ದೇ ಈ ವಸಾಹತಿಗೆ ಬಂಡವಾಳ ಹಾಕಿದ ಸರ್ ವಾಲ್ಟರ್ ರಾಲಿಯಿಂದ. ಆ ಪುಣ್ಯಾತ್ಮ ಮಾತ್ರ ಈ ಕಡೆ ಒಂದು ಸಲವೂ ತಲೆ ಹಾಕಲಿಲ್ಲ. ವರ್ಷವರ್ಷ ರಾಜ್ಯೋತ್ಸವದ ಬ್ಯಾನರ್‌ನಲ್ಲಿ ನಾವೇ ಅವನ ಹೆಸರನ್ನು ಕನ್ನಡದಲ್ಲಿ ಬರೀತೀವಿ, ಅದೊಂದು ತಮಾಷೆ. ಹೋದ ಆಗಸ್ಟಿನಲ್ಲಿ ಮಕ್ಕಳನ್ನು ಕರ್ಕೊಂಡು ಆ ದ್ವೀಪಕ್ಕೆ ಹೋಗಿದ್ದೆ, ಕಾರಲ್ಲಿ ಮೂರು ಗಂಟೆಯ ದಾರಿ. ಹಾಗಾಗಿ ಸಿನಿಮಾ ನೋಡ್ತಾ ನೋಡ್ತಾ ಹೆದರಿಕೆಗಿಂತ ಕಿರಿಕಿರಿನೇ ಜಾಸ್ತಿ ಆಯ್ತು. ನನ್ನ ಪ್ರಶ್ನೆ ಒಂದೇ: ಆ ಜಾಗದಲ್ಲಿ ದೆವ್ವಗಳಿಗೇನು ಬರ ಇತ್ತಾ, ನಾರ್ವೆಯಿಂದ ತರಿಸೋಕೆ?

ನೋಡಿದವರು ಯಾರಾದ್ರೂ ಇದ್ದೀರಾ?

ಹುಬ್ಬಳ್ಳಿ_ಮಂದಿ · 9:40

ನೋಡಿಲ್ರೀ ಸರ. ಆದ್ರ ನೀವು ಹೇಳಿದ್ದು ಕೇಳಿ ನೋಡಬೇಕು ಅನಸ್ತದ. ವೈಕಿಂಗ್ ಅಂದ್ರ ಚಿತ್ರದಾಗ ಕೋಡಿನ ಟೊಪ್ಪಿಗಿ ಹಾಕಿ ತೋರಸ್ತಾರಲ್ಲ, ಆ ಮಂದಿ ಹೌದಲ್ಲೋ? ದೆವ್ವಕ್ಕೂ ಕೋಡ ಅದಾವೇನು?

ಶನಿವಾರದ_ಸಿನಿಮಾ · 10:05

ನೋಡಿದೀನಿ, ಎರಡು ಸಲ. ನಾಚಿಕೆ ಏನಿಲ್ಲ.

@ಕ್ಯಾರಿ_ಕನ್ನಡಿಗ ಗುರು, ಸ್ವಲ್ಪ ದಯೆ ಇರಲಿ. ಆ ಚಾನೆಲ್ಲಿನ ಶನಿವಾರ ರಾತ್ರಿ ಸಿನಿಮಾಗಳು ಹುಟ್ಟಿದ್ದೇ ಹಾಗೆ. ಬಜೆಟ್ ಸಾಮಾನ್ಯವಾಗಿ 10ರಿಂದ 20 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಅದು ಊಟದ ಖರ್ಚು. ಅಮೆರಿಕದಲ್ಲಿ ತೆಗೆಯೋಕೆ ಆಗಲ್ಲ ಅಂತ ಬಲ್ಗೇರಿಯಾಕ್ಕೆ ಹೋಗ್ತಿದ್ರು, ಇದನ್ನೂ ಅಲ್ಲೇ ತೆಗೆದದ್ದು. ಒಬ್ಬ ಹೆಸರು ಗೊತ್ತಿರೋ ಹಳೇ ಟೀವಿ ನಟ, ಉಳಿದವರೆಲ್ಲ ಸಿಕ್ಕವರು, ಒಂದು ಮರದ ಕೋಟೆ, ಒಂದು ಕಾಡು, ಕಂಪ್ಯೂಟರಲ್ಲಿ ಮಾಡಿದ ದೆವ್ವ. ದೈತ್ಯ ಹಾವು, ದೈತ್ಯ ಮೊಸಳೆ, ಅದೂ ಇದೂ ಅಂತ ವಾರವಾರ ಬರ್ತಿದ್ದ ಕಾಲದಲ್ಲಿ 16ನೇ ಶತಮಾನದ ಬಟ್ಟೆ ಹೊಲಿಸಿ ಒಂದು ಕತೆ ಮಾಡಿದ್ರಲ್ಲ, ಅದಕ್ಕೆ ನಾನು ಕೈ ಮುಗೀತೀನಿ.

ಎಡಿಟಿಂಗ್_ಟೇಬಲ್ · 10:31

ಟೀವಿ ಸಿನಿಮಾದ ಲೆಕ್ಕಾಚಾರವೇ ಬೇರೆ, ಅದನ್ನು ತಿಳ್ಕೊಂಡು ನೋಡಿದ್ರೆ ಮಜಾ ಬೇರೆ ಥರ ಇರುತ್ತೆ. ಎರಡು ಗಂಟೆಯ ಸ್ಲಾಟಿಗೆ ಸಿನಿಮಾ ಒಂದೂವರೆ ಗಂಟೆ, ಉಳಿದದ್ದು ಜಾಹೀರಾತು. ಪ್ರತಿ ಹತ್ತು ಹನ್ನೆರಡು ನಿಮಿಷಕ್ಕೆ ಬ್ರೇಕ್. ಬ್ರೇಕಿಗೆ ಮುಂಚೆ ಯಾರಾದ್ರೂ ಕಿರುಚಬೇಕು, ಇಲ್ಲಾ ಸಾಯಬೇಕು, ಇಲ್ಲದಿದ್ರೆ ನೋಡುಗ ಚಾನೆಲ್ ಬದಲಾಯಿಸ್ತಾನೆ. ನಮ್ಮ ಧಾರಾವಾಹಿಗಳಲ್ಲಿ ಸೊಸೆ ತಿರುಗಿ ನೋಡುವಾಗ ಮೂರು ಸಲ ಗುಡುಗು ಬರುತ್ತಲ್ಲ, ಅದೇ ಲೆಕ್ಕ.

ಇದರಿಂದ ದೆವ್ವದ ಸಿನಿಮಾಕ್ಕೆ ಆಗುವ ಪೆಟ್ಟು ಏನಂದ್ರೆ, ಕಾಯಿಸೋಕೆ ಪುರುಸೊತ್ತಿಲ್ಲ. ಹೆದರಿಕೆ ಹುಟ್ಟೋದು ದೆವ್ವ ಬಂದಾಗ ಅಲ್ಲ, ಬರುತ್ತೋ ಇಲ್ಲವೋ ಅನ್ನುವಾಗ. ಜಾಹೀರಾತಿನ ಗಡಿಯಾರ ಇಟ್ಕೊಂಡವರಿಗೆ ಅದು ಆಗೋದಿಲ್ಲ, ದೆವ್ವವೇ ಡ್ಯೂಟಿಗೆ ಬಂದ ಹಾಗೆ ಟೈಮಿಗೆ ಸರಿಯಾಗಿ ಬರುತ್ತೆ.

ಸುಮ್ನೆ_ಓದ್ತೀನಿ · 10:50

ಎಲ್ಲಿ ಸಿಗುತ್ತೆ ಇದು? ಸಬ್‌ಟೈಟಲ್ ಇದೆಯಾ?

ಮೇಷ್ಟ್ರು_ನಿವೃತ್ತ · 11:20

ಸಿನಿಮಾ ನಾನು ನೋಡಿಲ್ಲ, ನೋಡುವ ವಯಸ್ಸೂ ಅಲ್ಲ. ಆದರೆ ರೋಅನೋಕ್ ಪಾಠ ಮಾಡಿದವನು. ಮಗಳ ಮನೆಗೆ ಬಂದಾಗ ಆ ದ್ವೀಪವನ್ನೂ ನೋಡಿದ್ದೇನೆ. ಯಾರಾದರೂ ಹಿನ್ನೆಲೆ ಬರೆಯಲಿ ಎಂದು ಕಾದೆ, ಯಾರೂ ಬರೆಯಲಿಲ್ಲ, ಹಾಗಾಗಿ ನಾನೇ.

1584ರಲ್ಲಿ ರಾಣಿ ಎಲಿಜಬೆತ್ ಅಮೆರಿಕದಲ್ಲಿ ವಸಾಹತು ಹೂಡಲು ರಾಲಿಗೆ ಸನ್ನದು ಕೊಟ್ಟಳು. ಅದೇ ವರ್ಷ ಎರಡು ಹಡಗು ಬಂದು ಜಾಗ ನೋಡಿಕೊಂಡು, ಮ್ಯಾಂಟಿಯೊ ಮತ್ತು ವಾಂಚೀಸ್ ಎಂಬ ಇಬ್ಬರು ಸ್ಥಳೀಯರನ್ನು ಜೊತೆಗೆ ಲಂಡನ್ನಿಗೆ ಕರೆದೊಯ್ದವು. 1585ರಲ್ಲಿ ರಾಲ್ಫ್ ಲೇನ್ ಎಂಬ ಸೈನಿಕನ ಕೈಕೆಳಗೆ ನೂರಕ್ಕೂ ಸ್ವಲ್ಪ ಹೆಚ್ಚು ಗಂಡಸರು ಬಂದು ಕೋಟೆ ಕಟ್ಟಿದರು. ಒಂದು ಬೆಳ್ಳಿ ಬಟ್ಟಲು ಕಳೆದುಹೋಯಿತು ಎಂಬ ಕಾರಣಕ್ಕೆ ಅಕ್ವಾಸ್ಕಾಗಾಕ್ ಎಂಬ ಊರನ್ನೇ, ನಿಂತ ಜೋಳದ ಬೆಳೆಯ ಸಮೇತ, ಸುಟ್ಟರು. 1586ರ ಜೂನ್ 1ರಂದು ಅಲ್ಲಿನ ಮುಖ್ಯಸ್ಥ ವಿಂಗಿನಾನನ್ನು ಕೊಂದರು. ಅದೇ ತಿಂಗಳು ಇಂಗ್ಲಿಷ್ ನಾವಿಕ ಡ್ರೇಕ್‌ನ ಹಡಗುಗಳು ಬಂದವು, ಲೇನ್‌ನ ಜನ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ಬಳಿಕ ಇಂಗ್ಲೆಂಡಿನಿಂದ ಬಂದ ಬೇರೆ ಹಡಗುಗಳು ಕಾವಲಿಗೆಂದು 15 ಜನರನ್ನು ಬಿಟ್ಟು ಹೋದವು.

ಇಷ್ಟೆಲ್ಲ ಆದ ಮೇಲೆ 1587ರಲ್ಲಿ ಹೆಂಗಸರು ಮಕ್ಕಳು ಸೇರಿ ಸುಮಾರು 115 ಜನ ಬಂದರು. ಅವರು ಹೋಗಬೇಕಾಗಿದ್ದದ್ದು ಇನ್ನೂ ಉತ್ತರದ ಚೆಸಪೀಕ್ ಕೊಲ್ಲಿಗೆ. ಹಡಗಿನ ನಾವಿಕ ಇಲ್ಲೇ ಇಳಿಯಿರಿ ಎಂದ. ಆ 15 ಜನರಲ್ಲಿ ಸಿಕ್ಕಿದ್ದು ಒಬ್ಬನ ಮೂಳೆಗಳು ಮಾತ್ರ. ಕೋಟೆ ನೆಲಸಮ. ಮನೆಗಳು ನಿಂತಿದ್ದವು, ಆದರೆ ಒಳಗೆಲ್ಲ ಕರಬೂಜದ ಬಳ್ಳಿ ಹಬ್ಬಿ, ಜಿಂಕೆಗಳು ಮನೆಯೊಳಗೆ ನಿಂತು ಹಣ್ಣು ತಿನ್ನುತ್ತಿದ್ದವು. ಇದನ್ನು ಬರೆದವನು ಗವರ್ನರ್ ಜಾನ್ ವೈಟ್. ವೃತ್ತಿಯಿಂದ ಚಿತ್ರಕಾರ. ಅದಕ್ಕೇ ಕಣ್ಣಿಗೆ ಕಟ್ಟುವಂತಿದೆ.

ಎಡಿಟಿಂಗ್_ಟೇಬಲ್ · 11:34

ಸರ್, ಆ ಜಿಂಕೆ! ಬಾಗಿಲು ತೆಗೀತಾರೆ, ಒಳಗೆ ಜಿಂಕೆ ತಲೆ ಎತ್ತಿ ನೋಡುತ್ತೆ, ಬಾಯಲ್ಲಿ ಹಣ್ಣು. ಗ್ರಾಫಿಕ್ಸ್ ಬೇಡ, ಏನೂ ಬೇಡ. ಈ ಒಂದು ಶಾಟಿಗೆ ನಾನು ಇಡೀ ಸಿನಿಮಾ ಬಿಟ್ಟುಕೊಡ್ತೀನಿ.

ಕ್ಯಾರಿ_ಕನ್ನಡಿಗ · 11:52

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇದೇ ನನ್ನ ಕಿರಿಕಿರಿ. ಸಿನಿಮಾದ ಹೀರೊ ಅನನಾಯಸ್ ಡೇರ್ ನಿಜವಾಗಿ ಇದ್ದವನು. ಗವರ್ನರ್ ವೈಟ್‌ನ ಅಳಿಯ. ಲಂಡನ್ನಿನಲ್ಲಿ ಹೆಂಚು ಹೊದಿಸೋದು, ಇಟ್ಟಿಗೆ ಕಟ್ಟೋದು ಅವನ ಕೆಲಸ. ಹೆಂಡತಿ ಎಲಿನಾರ್ ಬಸುರಿಯಾಗಿಯೇ ಹಡಗು ಹತ್ತಿದವಳು, 1587ರ ಆಗಸ್ಟ್ 18ರಂದು ಹೆತ್ತಳು. ವರ್ಜೀನಿಯಾ ಡೇರ್ ಅಂತ ಹೆಸರಿಟ್ರು. ಈಗ ಆ ಜಿಲ್ಲೆಯ ಹೆಸರೂ ಡೇರ್ ಕೌಂಟಿ. ಮಗು ಹುಟ್ಟಿ ಒಂಬತ್ತನೇ ದಿನ ತಾತ ಸಾಮಾನು ತರ್ತೀನಿ ಅಂತ ಇಂಗ್ಲೆಂಡಿಗೆ ಹೊರಟ. ಬಾಣಂತನ ಮುಗಿದಿಲ್ಲ, ತಾತ ಹಡಗಲ್ಲಿ. ಇದರೊಳಗೇ ಒಂದು ಸಿನಿಮಾ ಇದೆ.

ಇದರ ಮೇಲೆ ವೈಕಿಂಗ್ ಯಾಕೆ? ಅವರು ಬಂದದ್ದಕ್ಕೆ ಗಟ್ಟಿ ಸಾಕ್ಷಿ ಇರೋ ಜಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿದೆ, ಲಾನ್ಸ್ ಓ ಮೆಡೋಸ್. 1960ರಲ್ಲಿ ಸಿಕ್ಕಿತು. 2021ರಲ್ಲಿ ಅಲ್ಲಿನ ಮರದ ತುಂಡುಗಳನ್ನು ಪರೀಕ್ಷೆ ಮಾಡಿ ಅವು 1021ನೇ ಇಸವಿಯಲ್ಲಿ ಕಡಿದವು ಅಂತ ಲೆಕ್ಕ ಕೊಟ್ರು. ಅಲ್ಲಿಂದ ರೋಅನೋಕಿಗೆ 2,000 ಕಿಲೋಮೀಟರಿಗೂ ಹೆಚ್ಚು. ದೆವ್ವಗಳು ಇಷ್ಟು ದೂರ ಯಾವ ಬಸ್ಸಲ್ಲಿ ಬಂದ್ವು?

ಶನಿವಾರದ_ಸಿನಿಮಾ · 12:10

ಹಾರರ್ ಸಿನಿಮಾಕ್ಕೆ ಕಿಲೋಮೀಟರ್ ಲೆಕ್ಕ ಹಾಕ್ತಾ ಕೂತ್ರೆ ಹೇಗಪ್ಪಾ. ವೈಕಿಂಗ್ ಅಂದ್ರೆ ಟಿಕೆಟ್ ತಾನಾಗೇ ಹೋಗುತ್ತೆ. ಹೆಸರು ಕೇಳಿದ ತಕ್ಷಣ ಕತ್ತಿ, ಹಡಗು, ಬೆಂಕಿ ಎಲ್ಲ ನೋಡುಗನ ತಲೆಯಲ್ಲಿ ಮೊದಲೇ ಇರುತ್ತೆ, ಪುಕ್ಕಟೆ ಸೆಟ್. ಕಡಿಮೆ ಬಜೆಟ್ಟಿನವನಿಗೆ ಅದೇ ದೊಡ್ಡ ಉಳಿತಾಯ.

ಕುಡ್ಲದ_ಕಡಲು · 12:45

ಟಿಕೆಟ್ ಹೋಗುವುದು ಸರಿ ಮಾರಾಯ್ರೆ, ಆದ್ರೆ ವೈಕಿಂಗ್ ದೆವ್ವವನ್ನಾದ್ರೂ ವೈಕಿಂಗ್ ದೆವ್ವದ ಹಾಗೆ ಮಾಡ್ಬೇಕಿತ್ತು ಅಲ್ವಾ? ಅವರ ಹಳೇ ಕತೆಗಳಲ್ಲಿ ಡ್ರಾಗರ್ ಅಂತ ಉಂಟು. ಅದು ಹೊಗೆಯ ಹಾಗೆ ತೇಲುವ ಜಾತಿ ಅಲ್ಲ. ಹೂತ ಹೆಣವೇ ಎದ್ದು ಬರುವುದು, ಉಬ್ಬಿಕೊಂಡು, ಎತ್ತಿನ ಹಾಗೆ ಭಾರ. ರಾತ್ರಿ ಮನೆಯ ಮಾಡಿನ ಮೇಲೆ ಕೂತು ಸವಾರಿ ಮಾಡ್ತದೆ, ಕೆಳಗೆ ಮಲಗಿದವರಿಗೆ ತೊಲೆ ಮುರಿಯುವ ಸದ್ದು. ಅದನ್ನು ಸುಮ್ಮನಾಗಿಸ್ಬೇಕಾದ್ರೆ ಕುಸ್ತಿ ಹಿಡಿದು ತಲೆ ಕಡೀಬೇಕು. ಈ ಸಿನಿಮಾದಲ್ಲಿ ಎಂಥದು? ಕಂಪ್ಯೂಟರಿನಲ್ಲಿ ತೇಲಾಡುವ ಸರಕು. ತಲೆ ಕಡಿಯುವ ಕತೆಗೆ, ತಲೆ ಕಡಿದ್ರೆ ಮಾತ್ರ ಸಾಯುವ ಆ ಹೈಲ್ಯಾಂಡರ್ ಜನವೇ ಸಿಕ್ಕಿದ್ದ, ಉಪಯೋಗಿಸಿಕೊಳ್ಳಲಿಲ್ಲ ನೋಡಿ!

ಇನ್ನೊಂದು. ನಮ್ಮಲ್ಲಿ ಹೊಸ ಜಾಗ ತಗೊಂಡ್ರೆ ಮೊದಲು ಕೇಳುವುದು ‘ಇಲ್ಲಿಯ ದೈವ ಯಾವುದು, ನಂಬಿಕೊಂಡು ಬಂದವರು ಯಾರು’ ಅಂತ. ಉತ್ತರ ತಿಳಿಯದೆ ಮನೆಯ ಪಂಚಾಂಗ, ಅಂದ್ರೆ ಅಡಿಪಾಯ, ಹಾಕುವುದಿಲ್ಲ. ಆ ಲೆಕ್ಕದಲ್ಲಿ ರೋಅನೋಕಿನಲ್ಲಿ ಕೇಳಬೇಕಾದ ಪ್ರಶ್ನೆ ವಿಂಗಿನಾನ ಜನರದ್ದು. ಅವರನ್ನು ಬಿಟ್ಟು ಯಾವುದೋ ದೂರದ ವೈಕಿಂಗನಿಗೆ ಜಾಗದ ಹಕ್ಕು ಕೊಟ್ಟದ್ದು ಯಾಕೆ? ಇದು ಬರೀ ಬಜೆಟ್ಟಿನ ವಿಷಯ ಅಂತ ನನಗೆ ಕಾಣುವುದಿಲ್ಲ.

ಕಾಫಿ_ತೋಟ · 1:15

ಪಾಯಿಂಟ್. ನಮ್ಮ ಕಡೆ ಎಸ್ಟೇಟ್ ಬಂಗಲೆಗಳಲ್ಲಿ ಓಡಾಡೋದು ಯಾವಾಗಲೂ ಸತ್ತ ದೊರೆಯ ದೆವ್ವ. ಬೂಟಿನ ಸದ್ದು, ಚುರುಟಿನ ವಾಸನೆ. ಅಂದ್ರೆ ಅಧಿಕಾರ ಮಾಡಿದವನೇ ಸತ್ತ ಮೇಲೂ ಬಿಟ್ಟು ಹೋಗಲ್ಲ. ಆ ತೋಟದಲ್ಲಿ ಮಲೇರಿಯಾ ಬಂದು ಸತ್ತ ಕೂಲಿಯವರ ದೆವ್ವ ನಾನು ಚಿಕ್ಕಂದಿನಿಂದ ಒಂದೂ ಕೇಳಿಲ್ಲ. ದೆವ್ವ ಆಗೋಕೂ ಒಂದು ಅಂತಸ್ತು ಬೇಕೇನೋ.

ಮೇಷ್ಟ್ರು_ನಿವೃತ್ತ · 2:30

ಊಟ ಮುಗಿಸಿ ಬಂದು ನೋಡಿದರೆ ಚರ್ಚೆ ಒಳ್ಳೆಯ ದಾರಿ ಹಿಡಿದಿದೆ. ಕುಡ್ಲದವರ ಪ್ರಶ್ನೆಗೆ ಒಂದು ಸಂಗತಿ ಸೇರಿಸುತ್ತೇನೆ, ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ಲೇನ್‌ನ ಜೊತೆ 1585ರಲ್ಲಿ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞ ಬಂದಿದ್ದ. ಲಂಡನ್ನಿನಲ್ಲಿ ಮ್ಯಾಂಟಿಯೊ, ವಾಂಚೀಸರಿಂದ ಅವರ ಆಲ್ಗಾಂಕಿಯನ್ ನುಡಿ ಕಲಿತು, ಅದನ್ನು ಬರೆಯಲು ಬೇರೆಯೇ ಅಕ್ಷರಗಳನ್ನು ರೂಪಿಸಿದವನು. ಆ ಜನರ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡ ಇಂಗ್ಲಿಷರು ಅವನಷ್ಟು ಇನ್ನೊಬ್ಬರಿಲ್ಲ. 1588ರಲ್ಲಿ ಅಚ್ಚಾದ ಅವನ ವರದಿಯಲ್ಲಿ ದೆವ್ವದ ಕತೆಗಳೇ ಇವೆ, ಅಲ್ಲಿನವರೇ ಹೇಳಿದ್ದು. ಒಬ್ಬ ಕೆಟ್ಟ ಮನುಷ್ಯನನ್ನು ಹೂತರಂತೆ. ಮರುದಿನ ಗೋರಿಯ ಮಣ್ಣು ಅಲುಗಾಡಿತು. ಅಗೆದು ತೆಗೆದರೆ ಅವನಿಗೆ ಜೀವ ಬಂದಿತ್ತು. ಪೊಪೊಗುಸ್ಸೊ ಎಂಬ ಉರಿಯುವ ದೊಡ್ಡ ಗುಂಡಿಯ ಅಂಚಿನ ತನಕ ಹೋಗಿದ್ದೆ, ಒಬ್ಬ ದೇವರು ಉಳಿಸಿ ಹಿಂದಕ್ಕೆ ಕಳಿಸಿದ, ನೀವಾದರೂ ನೆಟ್ಟಗೆ ಬಾಳಿ ಎಂದು ಹೇಳಿದನಂತೆ. ಇನ್ನೊಬ್ಬ ಸತ್ತು, ಹೂತು, ಎದ್ದು ಬಂದವನು ಹಣ್ಣಿನ ಮರಗಳ ಸಾಲಿನ ನಡುವೆ ಅಗಲವಾದ ದಾರಿಯಲ್ಲಿ ನಡೆದೆ, ಎಂದೋ ಸತ್ತ ಅಪ್ಪ ಎದುರಾಗಿ ವಾಪಸು ಹೋಗು ಎಂದ ಎಂದು ಹೇಳಿದನಂತೆ.

ಆದರೆ ನಾನು ಹೇಳಹೊರಟದ್ದು ಇದಲ್ಲ. ಇಂಗ್ಲಿಷರು ಯಾವ ಯಾವ ಊರಿಗೆ ಹೋಗಿ ಬಂದರೋ, ಅವರು ಹೊರಟ ಕೆಲವೇ ದಿನಗಳಲ್ಲಿ ಆ ಊರುಗಳಲ್ಲಿ ಜನ ಸಾಯತೊಡಗಿದರು. ಕೆಲವೆಡೆ ಇಪ್ಪತ್ತು, ಕೆಲವೆಡೆ ನಲವತ್ತು, ಒಂದೆಡೆ ನೂರಿಪ್ಪತ್ತು ಎಂದು ಹ್ಯಾರಿಯಟ್ ಲೆಕ್ಕ ಕೊಡುತ್ತಾನೆ. ಇಂಗ್ಲಿಷರಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವರಲ್ಲಿ ಹೆಂಗಸರೂ ಇರಲಿಲ್ಲ. ಅಲ್ಲಿನವರು ಯೋಚಿಸಿದರು: ಇವರು ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಎಷ್ಟೋ ಕಾಲದ ಹಿಂದೆ ಸತ್ತುಹೋದ ಒಂದು ಪೀಳಿಗೆ, ಎದ್ದು ಬಂದಿದೆ. ಇವರ ಹಿಂದೆ ಇನ್ನೂ ಬರುವವರಿದ್ದಾರೆ, ಅವರು ಈಗ ಗಾಳಿಯಲ್ಲಿದ್ದಾರೆ, ಒಡಲಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಅಲ್ಲಿಂದಲೇ ನಮಗೆ ಕಾಣದ ಗುಂಡು ಹೊಡೆಯುತ್ತಿದ್ದಾರೆ.

ಅಂದರೆ ನೋಡಿ, ಆ ದ್ವೀಪದಲ್ಲಿ ದೆವ್ವದ ಕತೆ ನಿಜಕ್ಕೂ ಇತ್ತು. ದೆವ್ವಗಳು ಇಂಗ್ಲಿಷರೇ.

ಎಡಿಟಿಂಗ್_ಟೇಬಲ್ · 2:41

ಎರಡು ಸಲ ಓದಿದೆ.

ಹುಬ್ಬಳ್ಳಿ_ಮಂದಿ · 2:55

ಮೇಷ್ಟ್ರ, ಮೈ ಜುಮ್ ಅಂತು ನೋಡ್ರಿ. ಗಾಳ್ಯಾಗ ಪಾಳಿ ಹಚ್ಚಿ ನಿಂತಾರ, ಇನ್ನೂ ಬರಾವ್ರು ಅದಾರ ಅಂತ ಅವ್ರು ಅಂದಿದ್ದು ಖರೇನ ಆತಲ್ರೀ. ಬಂದ್ರಲ್ಲ ಎಲ್ಲಾರೂ.

ಶನಿವಾರದ_ಸಿನಿಮಾ · 3:20

ಒಪ್ಪಿದೆ ಮೇಷ್ಟ್ರೇ. ಆದ್ರೆ ಇದನ್ನು ಸಿನಿಮಾ ಮಾಡಿದ್ರೆ ಶನಿವಾರ ರಾತ್ರಿ ಒಂಬತ್ತಕ್ಕೆ ಬಿಯರ್ ಹಿಡ್ಕೊಂಡು ಕೂತವನು ನೋಡ್ತಾನಾ? ಅವನಿಗೆ ಕೋಟೆಯೊಳಗಿನವರು ನಮ್ಮವರು, ಹೊರಗಿನದು ದೆವ್ವ. ಅದನ್ನು ತಿರುಗಿಸಿ ಹಾಕೋ ಧೈರ್ಯ ಚಾನೆಲ್ಲಿಗೆ ಬರಲ್ಲ. ಮೂಲನಿವಾಸಿಗಳನ್ನೇ ದೆವ್ವ ಮಾಡಿದ್ದಿದ್ರೂ ಬೈಸ್ಕೊಳ್ತಿದ್ರು, ಹಳೇ ಕಾಲದ ‘ಇಂಡಿಯನ್ನರ ಸ್ಮಶಾನದ ಮೇಲೆ ಮನೆ ಕಟ್ಟಿದ್ರು’ ಕತೆಗಳಿಗೆ ಬೈದ ಹಾಗೆ. ವೈಕಿಂಗರನ್ನು ತಂದ್ರೆ ಯಾರೂ ಕೇಸು ಹಾಕಲ್ಲ, ಯಾರಿಗೂ ನೋವಾಗಲ್ಲ. ಅದನ್ನು ಜಾಣತನ ಅಂತ ಕರೀರಿ, ಹೇಡಿತನ ಅಂತ ಬೇಕಾದ್ರೂ ಕರೀರಿ.

ಕ್ಯಾರಿ_ಕನ್ನಡಿಗ · 3:48

ಹೇಡಿತನ ಅಂತಲೇ ಕರೀತೀನಿ :) ನೀನೇ ಸರಿಯಾಗಿ ಹೇಳಿದೆ ಗುರು. ವೈಕಿಂಗ್ ದೆವ್ವ ಬಂದ ತಕ್ಷಣ ಇಂಗ್ಲಿಷರು ಬರೀ ಪಾಪದವರಾಗ್ತಾರೆ. ಒಂದು ವರ್ಷದ ಹಿಂದೆ ತಮ್ಮವರೇ ಏನು ಮಾಡಿ ಹೋಗಿದ್ರು ಅನ್ನೋದರ ಬಗ್ಗೆ ಮಾತೇ ಬೇಡ.

ವಿಂಗಿನಾನ ಸಾವು ಗೊತ್ತಾ? ಲೇನ್ ತಾನೇ ಬರೆದಿಟ್ಟಿದ್ದಾನೆ. ಮಾತಾಡೋ ನೆಪದಲ್ಲಿ ಹತ್ತಿರ ಹೋಗಿ, ‘ಕ್ರಿಸ್ತನೇ ನಮ್ಮ ಗೆಲುವು’ ಅನ್ನೋ ಸಂಕೇತದ ಮಾತು ಕೂಗಿ ಗುಂಡು ಹೊಡೆದ್ರು. ಮುಖ್ಯಸ್ಥ ನೆಲಕ್ಕೆ ಬಿದ್ದ, ಸತ್ತ ಅಂದ್ಕೊಂಡ್ರು. ಇವರು ಬೇರೆಯವರ ಕಡೆ ತಿರುಗಿದ್ದೇ ತಡ, ಹೆಣ ಅಂತ ಬಿಟ್ಟದ್ದು ತಟ್ಟನೆ ಎದ್ದು ಕಾಡಿನ ಕಡೆ ಓಡಿತು. ಹಿಂದಿನಿಂದ ಇನ್ನೊಂದು ಗುಂಡು. ಆದ್ರೂ ಓಡಿದ. ಇಬ್ಬರು ಅಟ್ಟಿಸಿಕೊಂಡು ಕಾಡಿಗೆ ಹೋದ್ರು, ತುಂಬ ಹೊತ್ತು ಬರಲಿಲ್ಲ, ಲೇನ್‌ಗೇ ಭಯ ಆಯ್ತಂತೆ, ನಮ್ಮವರೇ ಹೋದ್ರೇನೋ ಅಂತ. ಕೊನೆಗೆ ಒಬ್ಬ ಆಚೆ ಬಂದ, ಕೈಯಲ್ಲಿ ವಿಂಗಿನಾನ ತಲೆ.

ಇದು ಆಗಿದ್ದು ದ್ವೀಪದ ಎದುರಿನ ದಡದಲ್ಲಿ. 1587ರಲ್ಲಿ ಬಂದ ಸಂಸಾರಗಳು ಮಲಗಿದ್ದು ಇದನ್ನು ಮಾಡಿದವರು ಕಟ್ಟಿದ ಮನೆಗಳಲ್ಲಿ. ದೆವ್ವದ ಸಿನಿಮಾ ಮಾಡೋಕೆ ಇನ್ನೇನು ಬೇಕು ಹೇಳಿ?

ಕುಡ್ಲದ_ಕಡಲು · 4:05

ಮತ್ತೆ ಆ ಏಡಿ ಹಿಡಿಯಲು ಹೋದವನ ಕತೆಯೂ ಉಂಟಲ್ಲ. ಜಾರ್ಜ್ ಹೌ. ಬಂದ ಒಂದು ವಾರದೊಳಗೆ ಒಬ್ಬನೇ ನೀರಿಗಿಳಿದ, 16 ಬಾಣ ಬಿತ್ತು. ಸೇಡಿಗೆ ಅಂತ ಇವರು ಕತ್ತಲಲ್ಲಿ ಹೋಗಿ ಊರಿಗೆ ಮುತ್ತಿಗೆ ಹಾಕಿದ್ರು. ನೋಡಿದ್ರೆ ಕೊಂದ ಜನ ಅಲ್ಲಿಂದ ಓಡಿ ಹೋಗಿ ಆಗಿದೆ, ಅವರು ಬಿಟ್ಟು ಹೋದ ಜೋಳ ಆರಿಸಿಕೊಳ್ಳಲು ಬಂದಿದ್ದ ಕ್ರೊಯೇಟನ್‌ನವರು ಇವರ ಕೈಗೆ ಸಿಕ್ಕಿದ್ರು. ಕ್ರೊಯೇಟನ್ ಅಂದ್ರೆ ಮ್ಯಾಂಟಿಯೊನ ಸ್ವಂತ ಜನ, ಇವರಿಗೆ ಇದ್ದ ಒಂದೇ ಒಂದು ಸ್ನೇಹ. ಅವರ ಮೇಲೇ ಕೈ ಮಾಡಿದ್ರು. ನಾಲ್ಕು ದಿನ ಕಳೆದು ಅದೇ ಮ್ಯಾಂಟಿಯೊನಿಗೆ ದೀಕ್ಷಾಸ್ನಾನ ಮಾಡಿಸಿ ರೋಅನೋಕಿನ ಪ್ರಭು ಅಂತ ಬಿರುದು ಕೊಟ್ರು. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಬರೆದಿಡಲಿಲ್ಲ ನೋಡಿ.

ಸುಮ್ನೆ_ಓದ್ತೀನಿ · 4:30

ಕೊನೆಗೆ ಏನಾಯ್ತು ಅಂತ ಯಾರೂ ಹೇಳ್ತಿಲ್ವಲ್ಲ. ಎಲ್ಲರೂ ಮಾಯ ಆದ್ರು, ಮರದ ಮೇಲೆ ಒಂದು ನಿಗೂಢ ಶಬ್ದ ಇತ್ತು ಅಂತ ಯೂಟ್ಯೂಬಲ್ಲಿ ನೋಡಿದ್ದೆ. ಅದು ಶಾಪನಾ?

ಕ್ಯಾರಿ_ಕನ್ನಡಿಗ · 5:10

ಶಾಪ ಅಲ್ಲ ಮೇಡಂ/ಸರ್, ವಿಳಾಸ!

ನಮಗೆಲ್ಲ ‘ನಾಳೆ ಬಾ’ ನೆನಪಿದೆಯಲ್ಲ? 90ರ ದಶಕದಲ್ಲಿ ಬೆಂಗಳೂರಿನ ಬಾಗಿಲು ಬಾಗಿಲಿನ ಮೇಲೆ ಬರೆದಿರ್ತಿದ್ರು. ರಾತ್ರಿ ದೆವ್ವ ಬಂದು ಕದ ತಟ್ಟಿದ್ರೆ ಓದ್ಕೊಂಡು ನಾಳೆ ಬರುತ್ತೆ, ನಾಳೆಯೂ ಅದನ್ನೇ ಓದುತ್ತೆ. ಅಜ್ಜಿ ಮನೆ ಬಾಗಿಲಿಗೆ ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದೆ. ಅದು ದೆವ್ವಕ್ಕೆ ಬರೆದ ಬರಹ. ಯೂಟ್ಯೂಬಿನವರೆಲ್ಲ ‘ಕ್ರೊಯೇಟನ್’ ಅನ್ನೋ ಪದವನ್ನೂ ಅದೇ ಜಾತಿಗೆ ಸೇರಿಸ್ತಾರೆ.

ಆದ್ರೆ ಅದು ಮನೆಗೆ ಬೀಗ ಹಾಕಿ ಹೋಗುವಾಗ ‘ಮಗಳ ಮನೆಗೆ ಹೋಗಿದೀವಿ’ ಅಂತ ಬಾಗಿಲಿಗೆ ಸಿಕ್ಕಿಸೋ ಚೀಟಿ ಇದ್ದ ಹಾಗೆ. ವೈಟ್ ಹೊರಡೋ ಮುಂಚೆ ಮಾತಾಗಿತ್ತು: ಬೇರೆ ಕಡೆ ಹೋದ್ರೆ ಆ ಜಾಗದ ಹೆಸರು ಕೆತ್ತಿಡಿ, ಕಷ್ಟದಲ್ಲಿ ಹೋಗಬೇಕಾಗಿ ಬಂದ್ರೆ ಮೇಲೆ ಒಂದು ಶಿಲುಬೆ ಕೆತ್ತಿ ಅಂತ. 1588ರಲ್ಲಿ ಇಂಗ್ಲೆಂಡಿನ ಮೇಲೆ ಬಂದ ಸ್ಪೇನಿನ ಯುದ್ಧನೌಕೆಗಳ ದಂಡು, ಆರ್ಮಡಾದ ಗಲಾಟೆ, ಹಡಗುಗಳೆಲ್ಲ ಯುದ್ಧಕ್ಕೆ. ವೈಟ್ ವಾಪಸ್ ಬಂದದ್ದು 1590ರ ಆಗಸ್ಟ್ 18ಕ್ಕೆ. ಮೊಮ್ಮಗಳ ಮೂರನೇ ಹುಟ್ಟುಹಬ್ಬ. ಒಂದು ಮರದ ಮೇಲೆ ಮೂರೇ ಅಕ್ಷರ, ಬೇಲಿಯ ಕಂಬದ ಮೇಲೆ ಪೂರ್ತಿ ಹೆಸರು. ಶಿಲುಬೆ ಇಲ್ಲ. ಅವನು ಹೆದರಲಿಲ್ಲ, ಸಮಾಧಾನವೇ ಆಯ್ತು, ಮ್ಯಾಂಟಿಯೊನ ಊರಿಗೆ ಹೋಗಿದಾರೆ ಅಂತ. ಆ ಊರು ದಕ್ಷಿಣಕ್ಕೆ, ಈಗಿನ ಹ್ಯಾಟರಸ್ ದ್ವೀಪದಲ್ಲಿ. ಬಿರುಗಾಳಿ ಎದ್ದು ಲಂಗರುಗಳು ಕಳೆದುಹೋಗಿ, ಅವನಿಗೆ ಅಲ್ಲಿಗೆ ಹೋಗೋಕಾಗಲಿಲ್ಲ. ಅಷ್ಟೇ. ಮಗಳನ್ನು ಮತ್ತೆಂದೂ ನೋಡಲಿಲ್ಲ.

ಮೇಷ್ಟ್ರು_ನಿವೃತ್ತ · 6:00

ಸರಿಯಾಗಿ ಹೇಳಿದಿರಿ. ಹ್ಯಾಟರಸ್‌ನಲ್ಲಿ ಅಗೆದಾಗ ಇಂಗ್ಲಿಷರ ವಸ್ತುಗಳು ಸಿಕ್ಕಿವೆ. ಇತ್ತ 2012ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನವರು ವೈಟ್‌ನ ಹಳೆಯ ನಕ್ಷೆಯ ಮೇಲೆ ಅಂಟಿಸಿದ್ದ ಕಾಗದದ ತೇಪೆಯ ಕೆಳಗೆ ಕೋಟೆಯ ಗುರುತೊಂದನ್ನು ಕಂಡರು. ಅದು ಒಳನಾಡಿನ ಬರ್ಟಿ ಕೌಂಟಿಯ ಕಡೆ. ಒಂದು ಗುಂಪು ಇತ್ತ, ಒಂದು ಗುಂಪು ಅತ್ತ ಚದುರಿರಬೇಕು ಎನ್ನುವವರೂ ಇದ್ದಾರೆ. ಎರಡೂ ಕಡೆಯ ವಾದ ಈಗಲೂ ನಡೆದಿದೆ.

ಇನ್ನೊಂದು ಮಾತು. 1998ರಲ್ಲಿ ಆ ಕಡೆಯ ಜೌಗಿನಲ್ಲಿ ಬೆಳೆಯುವ ಹಳೆಯ ಸೈಪ್ರೆಸ್ ಮರಗಳ ಉಂಗುರ ಎಣಿಸಿ ನೋಡಿದರು. 1587ರಿಂದ 1589ರ ತನಕದ ಮೂರು ವರ್ಷ, 800 ವರ್ಷಗಳಲ್ಲೇ ಅತಿ ಕೆಟ್ಟ ಬರ. ಬಂದವರಿಗೂ ಇಲ್ಲ, ಇದ್ದವರಿಗೂ ಇಲ್ಲ. ಬರಗಾಲದಲ್ಲಿ ಮನೆ ಬಾಗಿಲಿಗೆ ನೂರು ಜನ ನೆಂಟರು ಬಂದು ಕೂತರೆ ಯಾವ ಊರು ತಡೆದೀತು?

ಕಾಫಿ_ತೋಟ · 6:25

ಬರ ಸಿನಿಮಾದಲ್ಲಿ ದೆವ್ವಕ್ಕಿಂತ ಚೆನ್ನಾಗಿ ಬರ್ತಿತ್ತು. ಖರ್ಚೂ ಕಡಿಮೆ, ಒಣಗಿದ ಜೋಳ ನಾಲ್ಕು ಕಟ್ಟು ಸಾಕು.

@ಕ್ಯಾರಿ_ಕನ್ನಡಿಗ ಜಾಗ ಹೇಗಿದೆ ಸರ್ ಈಗ? ನೋಡೋ ಹಾಗಿದೆಯಾ?

ಕ್ಯಾರಿ_ಕನ್ನಡಿಗ · 7:02

ನೋಡೋಕೆ ಏನೂ ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ದ್ವೀಪ ಎಂಟು ಮೈಲಿ ಉದ್ದ, ಎರಡು ಮೈಲಿ ಅಗಲ. ಒಂದು ಕಡೆ ಮ್ಯಾಂಟಿಯೊ ಅಂತ ಊರು, ಇನ್ನೊಂದು ಕಡೆ ವಾಂಚೀಸ್ ಅಂತ ಊರು. ಸ್ನೇಹದಲ್ಲೇ ಉಳಿದವನು ಉತ್ತರಕ್ಕೆ, ತಿರುಗಿ ಬಿದ್ದವನು ದಕ್ಷಿಣಕ್ಕೆ. ಫೋರ್ಟ್ ರಾಲಿ ಅಂತ ಬೋರ್ಡ್ ಹಾಕಿರೋ ಕಡೆ ಒಂದು ಮಣ್ಣಿನ ದಿಬ್ಬ, ಅದೂ 1950ರಲ್ಲಿ ಮತ್ತೆ ಕಟ್ಟಿದ್ದು. ನಮ್ಮೂರ ಕಟ್ಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನನ್ನ ಚಿಕ್ಕ ಮಗ ‘ಅಪ್ಪಾ, ಕೋಟೆ ಎಲ್ಲಿ?’ ಅಂತ ಅದರ ಮೇಲೆ ಕಣ್ಣಿಟ್ಟೇ ಕೇಳಿದ. ಆಗಸ್ಟಿನ ಸೆಖೆ, ಮಂಗಳೂರಿನವರಿಗೆ ಮನೆಯಂತೆ ಅನ್ಸುತ್ತೆ. ಸೊಳ್ಳೆ ಬೇರೆ. ಪೈನ್ ಮರ, ಓಕ್ ಮರ, ಉಪ್ಪು ಗಾಳಿ. ಬಲ್ಗೇರಿಯಾದ ಕಾಡು ನೋಡಿದಾಗ ನನಗೆ ಕೊರತೆ ಅನ್ಸಿದ್ದು ಆ ಬೆವರು. ಸಿನಿಮಾದಲ್ಲಿ ಯಾರಿಗೂ ಸೆಖೆಯೇ ಆಗಲ್ಲ.

ರಾತ್ರಿ ಅಲ್ಲೇ ನೀರಿನ ದಡದಲ್ಲಿ ಬಯಲು ನಾಟಕ ನಡೆಯುತ್ತೆ, ‘ದಿ ಲಾಸ್ಟ್ ಕಾಲೊನಿ’. ಪಾಲ್ ಗ್ರೀನ್ ಬರೆದದ್ದು, 1937ರಲ್ಲಿ ಶುರು. ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಬಂದು ನೋಡಿದ್ದರಂತೆ. ಮೂಲನಿವಾಸಿಗಳ ಪಾತ್ರಗಳಿಗೆ ಬಿಳಿಯರು ಬಣ್ಣ ಬಳ್ಕೊಂಡು ಬರೋದು ಎಷ್ಟೋ ವರ್ಷ ನಡೀತು, 2021ರಲ್ಲಿ ಮೂಲನಿವಾಸಿ ಕಲಾವಿದರನ್ನೇ ತಗೊಂಡ್ರು. ನಮ್ಮ ಮೇಳದ ಆಟದ ಹಾಗೆ ಬೆಳಗಾಗೋ ತನಕ ಇಲ್ಲ, ಎರಡೂವರೆ ಗಂಟೆಯಲ್ಲಿ ಮುಗೀತು. ಆದ್ರೆ ಹಿಂದೆ ನಿಜವಾದ ಕಪ್ಪು ನೀರು ಇರುತ್ತಲ್ಲ, ಅದು ಏನೋ ಮಾಡುತ್ತೆ ರೀ.

ಎಡಿಟಿಂಗ್_ಟೇಬಲ್ · 8:15

ಹಾಗಾದ್ರೆ ನನ್ನ ಆವೃತ್ತಿ ಹೀಗೆ, ಸೈ-ಫೈ ಚಾನೆಲ್ ಬಜೆಟ್ಟಿನಲ್ಲೇ. ದೆವ್ವ ಇಲ್ಲ. 1590, ಆಗಸ್ಟ್ 17, ರಾತ್ರಿ. ವೈಟ್ ದೋಣಿಯಲ್ಲಿ ದ್ವೀಪದ ಹತ್ತಿರ ಬರ್ತಾನೆ. ದಡ ತಲುಪೋ ದಾರಿಯಲ್ಲೇ ಆ ದಿನ ಒಂದು ದೋಣಿ ಮಗುಚಿ ಏಳು ಜನ ಮುಳುಗಿದ್ದಾರೆ. ಕಾಡಿನ ನಡುವೆ ಬೆಂಕಿ ಕಾಣ್ತಿದೆ. ಯಾರೋ ಇದ್ದಾರೆ ಅಂದ್ಕೊಳ್ತಾರೆ. ಕತ್ತಲಲ್ಲಿ ಇಳಿಯೋ ಧೈರ್ಯ ಇಲ್ಲ, ದೋಣಿಯಲ್ಲೇ ಲಂಗರು ಹಾಕಿ ತುತ್ತೂರಿ ಊದ್ತಾರೆ. ಆಮೇಲೆ ಎಲ್ಲರಿಗೂ ಗೊತ್ತಿರೋ ಇಂಗ್ಲಿಷ್ ಹಾಡುಗಳನ್ನು ಒಂದಾದ ಮೇಲೆ ಒಂದು ಹಾಡ್ತಾರೆ. ಹೆಸರು ಹಿಡಿದು ಕೂಗ್ತಾರೆ. ಉತ್ತರ ಇಲ್ಲ. ಬೆಳಗಾದ ಮೇಲೆ ಹೋಗಿ ನೋಡಿದ್ರೆ ತಾನಾಗಿ ಉರೀತಿರೋ ಹುಲ್ಲು, ಕೊಳೆತ ಮರ. ಮರಳಿನ ಮೇಲೆ ಯಾರದೋ ಹೆಜ್ಜೆ ಗುರುತು, ಆ ರಾತ್ರಿಯದ್ದೇ.

ಕತೆ ಕಟ್ಟಿದ್ದಲ್ಲ ಇದು, ವೈಟ್ ಬರೆದಿಟ್ಟದ್ದು. ಹೆಸರು ಹಿಡಿದು ಕೂಗೋದೊಂದು ನಂದು, ಅವನು ಬರೆದಿರೋದು ಸ್ನೇಹದಿಂದ ಕೂಗಿದೆವು ಅಂತ ಮಾತ್ರ.

ಈಗ ಅದನ್ನೇ ಕಾಡಿನ ಒಳಗಿನಿಂದ ತೆಗೀರಿ. ಮರದ ಹಿಂದೆ ನಿಂತವನ ಭುಜದ ಮೇಲಿಂದ ಕ್ಯಾಮೆರಾ. ದೂರ ನೀರಿನ ಮೇಲೆ, ಮೈ ಕಾಣದ ಗಂಡಸರು, ಕತ್ತಲಲ್ಲಿ ಅರ್ಥವಾಗದ ಭಾಷೆಯಲ್ಲಿ ಹಾಡ್ತಿದ್ದಾರೆ. ಮೇಷ್ಟ್ರು ಹೇಳಿದ ಗಾಳಿಯಲ್ಲಿರೋ ಜನ.

ಕುಡ್ಲದ_ಕಡಲು · 8:22

ಅಯ್ಯೋ ದೇವರೇ.

ಶನಿವಾರದ_ಸಿನಿಮಾ · 8:40

ಸರಿ, ಸೋತೆ. ಆದ್ರೂ ನನ್ನ ಹೈಲ್ಯಾಂಡರ್ ಅಣ್ಣನನ್ನು ಮಾತ್ರ ಬಿಟ್ಟುಕೊಡಲ್ಲ. ಅವನನ್ನು ವೈಟ್ ಪಾತ್ರಕ್ಕೆ ಹಾಕ್ಕೊಳ್ಳಿ, ವಯಸ್ಸೂ ಈಗ ಸರಿಹೋಗುತ್ತೆ.

ಹುಬ್ಬಳ್ಳಿ_ಮಂದಿ · ಮಂಗಳವಾರ, ರಾತ್ರಿ 12:35

ನಿನ್ನಿ ಸಿನಿಮಾ ಸಿಕ್ತು, ಇವತ್ತ ನೋಡಿ ಮುಗಿಸಿದೆ. ಖರೆ ಹೇಳ್ತೀನಿ, ನಡುವ ಒಂದ್ಹತ್ತು ಮಿನಿಟ ನಿದ್ದಿ ಹತ್ತಿತ್ತು, ಎದ್ದಾಗ ಎಷ್ಟ ಮಂದಿ ಉಳದಿದ್ರು ಲೆಕ್ಕ ತಪ್ಪಿತ್ತು. ಕೋಡಿನ ಟೊಪ್ಪಿಗಿ ವಿಷಯ ಕೇಳಬ್ಯಾಡ್ರಿ. ಒಂಚೂರೂ ಅಂಜಿಕಿ ಆಗಲಿಲ್ಲ.

ದೀಪ ಆರಿಸಿ ಮಲಗಿದೆ. ಹಿಂದಿನ ಓಣ್ಯಾಗ ನಾಳೆ ಮದವಿ ಐತಿ. ಬ್ಯಾಂಡ್‌ನಾಂವ ಒಬ್ಬ, ಇಷ್ಟೊತ್ತಿನ್ಯಾಗ, ತುತ್ತೂರಿ ಸರಿ ಐತೇನು ನೋಡಾಕ ಒಂದ ಸಲ ಊದಿದಾ ನೋಡ್ರಿ. ಧಡಕ್ಕನ ಎದ್ದು ಕುಂತೀನಿ. ಇನ್ನೂ ಮಲಗಿಲ್ಲ.